ಬಾಬಣ್ಣ ಕಾದ ಪಿಕಳಾರಗಳು

ಪೊದೆ ಕತ್ತರಿಸುವ ನನ್ನ ಮೆಷಿನಿನ ಮುಂದೆ ಹತ್ತು ಮಾರು ದೂರದಲ್ಲಿ ಬಾಬಣ್ಣ ಬಗ್ಗಿಕೊಂಡೇ ನಡೆಯುತ್ತಿದ್ದರು. ಒಂದೊಂದು ಪೊದೆಯನ್ನೂ ಎರಡು ಕೈಯಿಂದ ಮೆಲ್ಲ ಬಿಡಿಸಿ, ತೊಟ್ಟಿಲ ಬಟ್ಟೆ ಸರಿಸಿದ ಹಾಗೆ ಇಣುಕುವರು. ಪಿಕಳಾರದ ಗೂಡಿದ್ದರೆ ಒಂದು ಕೆಂಪು ಬಟ್ಟೆಚೂರು ಕಟ್ಟುವರು. ಬಟ್ಟೆ ಕಂಡ ಪೊದೆಗೆ ನಾನು ಮೆಷಿನ್ ತಾಗಿಸುವಂತಿಲ್ಲ.

ಬೆಳ್ತಂಗಡಿಯಿಂದ ಒಳಗಿನ ಆ ರಬ್ಬರ್ ತೋಟದಲ್ಲಿ ಅವರದು ಮೂವತ್ತು ವರ್ಷದ ಟ್ಯಾಪಿಂಗ್, ಮರ ಕೆತ್ತಿ ಹಾಲಿಳಿಸುವ ಕೆಲಸ. ನಾನು ಬಂಟ್ವಾಳದವನು, ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು ದುಡಿಮೆಗೆ ಇಳಿದವನು. ಮಳೆಗೆ ಮೊದಲು ತೋಟದ ಅಡಿಯ ಕಾಡು ಸವರುವುದು ನನ್ನ ಕೆಲಸ. ನನ್ನಷ್ಟು ಚೊಕ್ಕವಾಗಿ ಸವರುವವರು ಈ ಸುತ್ತಿನಲ್ಲಿಲ್ಲ.

ಪಿಕಳಾರ ಎಲ್ಲ ಕಡೆಯೂ ಇರುವ ಹಕ್ಕಿ. ತಲೆಯ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕುಂಕುಮದ ಚುಕ್ಕೆ, ಬಾಲದ ಬುಡದಲ್ಲೂ ಕೆಂಪು. ದಿನಾ ಕಾಣುವುದರಿಂದಲೇ ಯಾರೂ ನೋಡುವುದಿಲ್ಲ. ಅದು ಸೊಂಟದೆತ್ತರದ ಪೊದೆಯಲ್ಲೇ ಬಟ್ಟಲಿನಂಥ ಗೂಡು ಕಟ್ಟುತ್ತದೆ ಎಂದು ತೋರಿಸಿಕೊಟ್ಟವರು ಬಾಬಣ್ಣ.

"ಮೊಟ್ಟೆಗೆ ಹನ್ನೆರಡು ದಿನ, ಮರಿಗೆ ಹನ್ನೆರಡು ದಿನ. ಅಷ್ಟು ಕಾಯಲಿಕ್ಕೆ ನಿನಗೆ ಏನು ಕಷ್ಟ, ಮಾರಾಯ?" ಎನ್ನುವರು. "ಮರಿಗೆ ಮೊದಲು ಮೆತ್ತಗಿನ ಹುಳ, ಮತ್ತೆ ಹಣ್ಣು. ನಿನ್ನ ಹಾಗೆ ಹುಟ್ಟಿದ ಕೂಡಲೇ ಬಿರಿಯಾನಿ ಕೇಳುವುದಿಲ್ಲ ಅದು."

ಒಂದು ಮೇ ತಿಂಗಳಲ್ಲಿ ಅವರು ಕೊನೆಯ ಸಾಲಿನ ಪೊದೆಗೆ ಬಟ್ಟೆ ಕಟ್ಟಿ, ಎರಡು ದಿನಕ್ಕೆಂದು ಮೂಡುಬಿದಿರೆಯ ಮಗಳ ಮನೆಗೆ ಹೋದರು. ಗೂಡಿನಲ್ಲಿ ಮೂರು ಮರಿಗಳಿದ್ದವು. ನಾನು ಆ ಪೊದೆಯನ್ನು ಮುಟ್ಟಲಿಲ್ಲ. ಅದರ ಸುತ್ತಲನ್ನು ಮಾತ್ರ ಅಂಗಳದ ಹಾಗೆ ಸವರಿಟ್ಟೆ. ನೋಡಿ ನನಗೇ ಖುಷಿಯಾಗಿತ್ತು.

ಬಾಬಣ್ಣ ಬರುವಾಗ ಗೂಡು ವಾಲಿತ್ತು, ಒಳಗೆ ಏನೂ ಇರಲಿಲ್ಲ. ಕೆಂಬೂತ ತಿಂದು ಹೋಗಿತ್ತು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಪೊದೆಗೆ ಬರುವುದು, ಹಾರುವುದು, ಮತ್ತೆ ಬರುವುದು.

"ಒಂದೇ ಪೊದೆ ನಿಲ್ಲಿಸಿದರೆ ಕೆಂಬೂತವನ್ನು ಕರೆದು ಎಲೆ ಹಾಕಿ ಬಡಿಸಿದ ಹಾಗಾಯ್ತಲ್ಲ" ಎಂದರು. ವಾಲಿದ ಗೂಡನ್ನು ನೆಟ್ಟಗೆ ಕೂರಿಸುತ್ತ, "ಸುತ್ತ ಎರಡು ಮಾರು ಬಿಡಬೇಕು ಅಂತ ನಾನು ಹೇಳಲಿಲ್ಲ. ತಪ್ಪು ನನ್ನದೇ, ಸುಂದರ."

ನನ್ನದೂ ಉಂಟು ಎನ್ನಬಹುದಿತ್ತು. ನಾನು ಹೇಳಿದ್ದು, "ನನ್ನ ಕೆಲಸಕ್ಕೆ ಹೆಸರಿಡಬೇಡಿ ಬಾಬಣ್ಣ. ಹಕ್ಕಿ ಕಾಯಲಿಕ್ಕೆ ಬಂದವನಲ್ಲ ನಾನು." ಅವರು ಕೆಂಪು ಬಟ್ಟೆ ಬಿಚ್ಚಿಕೊಂಡು ಹೋದರು. ಆಮೇಲೆ ನಾನಾಗಿ ಅವರನ್ನು ಮಾತಾಡಿಸಲಿಲ್ಲ.

ಆ ಮಳೆಗಾಲದಲ್ಲಿ ಅವರ ಮೊಣಕಾಲು ಸೋತಿತು. ಕೆಲಸ ಬಿಟ್ಟು ಮಗಳ ಮನೆ ಸೇರಿದರು. ಮರುವರ್ಷ ಆ ತೋಟಕ್ಕೆ ನಾನೊಬ್ಬನೇ. ಮುಂದೆ ನಡೆಯುವವರಿಲ್ಲದೆ ಕೆಲಸ ಎರಡು ದಿನ ಮೊದಲೇ ಮುಗಿಯಿತು.

ಮುಗಿಸಿದ ವಾರದಲ್ಲೇ ಅವರ ಮಗಳ ಫೋನು. "ಅಪ್ಪನಿಗೆ ಹುಷಾರಿಲ್ಲ, ಜೋರುಂಟು. ನಿಮ್ಮನ್ನೇ ಕೇಳ್ತಾ ಇದ್ದಾರೆ."

ಬಿ.ಸಿ.ರೋಡಿನಿಂದ ಮೂಡುಬಿದಿರೆಯ ಬಸ್ಸು ಹತ್ತಿದವನು ತಪ್ಪು ನನ್ನದು ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸುತ್ತ ಹೋದೆ. ಬಾಬಣ್ಣ ಹಾಸಿಗೆಗೆ ಅಂಟಿಹೋಗಿದ್ದರು. ನನ್ನನ್ನು ಕಂಡವರೇ ಕೇಳಿದರು, "ಈ ಸಲ ಎಷ್ಟು ಗೂಡು?"

"ಏಳು" ಎಂದೆ. ಹೇಗೆ ಬಾಯಿಗೆ ಬಂತೋ ತಿಳಿಯದು.

"ಸುತ್ತ ಬಿಟ್ಟೆಯಾ?"

"ಬಿಟ್ಟೆ ಬಾಬಣ್ಣ. ಮರಿ ಎಲ್ಲ ಹಾರಿದವು."

ಅವರು ನನ್ನ ಕೈ ಹಿಡಿದರು. "ಹಾಗಾದರೆ ಇನ್ನು ಅಲ್ಲಿಗೆ ನಾನು ಬೇಡ. ನೀನುಂಟಲ್ಲ."

ಮೂರನೆಯ ದಿನ ಹೋದರು. ಸಾವಿನ ಮನೆಯಲ್ಲಿ ಕೂತಿದ್ದವರಿಗೆ ಮಗಳು ನನ್ನನ್ನು ತೋರಿಸಿ ಹೇಳಿದಳು, "ಅಪ್ಪನಿಗೆ ಕಡೆಯವರೆಗೂ ಇವರದ್ದೇ ಮಾತು. ನಮ್ಮ ಸುಂದರ ಏಳು ಗೂಡು ಉಳಿಸಿದ್ದಾನೆ ಅಂತ ಬಂದವರಿಗೆಲ್ಲ ಹೇಳಿದ್ರು." ಎಲ್ಲರೂ ನನ್ನನ್ನು ಮರ್ಯಾದೆಯಿಂದ ನೋಡಿದರು. ಯಾರೋ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು.

ಆ ವರ್ಷ ನಾನು ಒಂದು ಪೊದೆಯನ್ನೂ ಬಿಡಿಸಿ ನೋಡಿರಲಿಲ್ಲ.