ಕವರ್ ಒಡೆದರೆ ವಾಪಸ್ ಇಲ್ಲ

ಕೈಯಲ್ಲಿ ಹಿಡಿದು ಆಡುವ ಮಗಳ ವಿಡಿಯೋ ಗೇಮಿಗೆ ಮೆಮೊರಿ ಕಾರ್ಡ್ ಇರಲಿಲ್ಲ. ಆಫ್ ಮಾಡಿದರೆ ಗೆದ್ದದ್ದೆಲ್ಲ ಅಳಿಸಿಹೋಗಿ ಅವಳು ಅಳುತ್ತಿದ್ದಳು. ಗೇಮು ಹಿಡಿದುಕೊಂಡು ಹಾಸನದ ಅಂಗಡಿಗೆ ಹೋದೆ. ಗೋಡೆಯ ಮೇಲೆ ಬೋರ್ಡು: ‘ಕವರ್ ಒಡೆದರೆ ವಾಪಸ್ ಇಲ್ಲ.’ ನನಗೆ ಉರಿದುಹೋಯಿತು.

“ಆಲೂಗಡ್ಡೆನೂ ಕೊಯ್ದು ನೋಡಿ ತಗೊಳ್ಳೋ ಊರು ಕಣಯ್ಯ ಇದು. ನಕಲಿ ಕಾರ್ಡಾದ್ರೆ ಯಾರನ್ನ ಕೇಳ್ಲಿ?”

“ನೀವೇ ಆಡಿ ನೋಡಿ ಸಾ,” ಎಂದು ಅಂಗಡಿಯವನು ನಗುತ್ತ ಎರಡು ಕಾರ್ಡುಗಳ ಕವರ್ ಹರಿದ.

ಆಡಿ, ಸೇವ್ ಮಾಡಿ, ಆಫ್ ಮಾಡಿ ನೋಡಿದೆ. ಅಗ್ಗದ ಕಾರ್ಡು ಎಲ್ಲ ಮರೆತುಬಿಟ್ಟಿತು. ಇನ್ನೊಂದು ನೆನಪಿಟ್ಟುಕೊಂಡಿತು. ಅದನ್ನೇ ತಗೊಂಡು ಎದೆಯುಬ್ಬಿಸಿ ಮನೆಗೆ ಬಂದೆ.

ಮಗಳು ಆನ್ ಮಾಡಿ ನೋಡಿದಳು. “ಅಪ್ಪಾ, ಇದ್ರಲ್ಲಿ ಯಾರೋ ಮೊದಲ್ನೇ ಸುತ್ತಲ್ಲೇ ಒಂಬತ್ತು ಸಲ ಸತ್ತವ್ರೆ. ಯಾರದು?”

“ಅಂಗಡಿಯವ್ನು,” ಎಂದೆ. ಅಂಥ ಬೋರ್ಡು ಬರೆದವನಿಗೆ ಅಷ್ಟಾದರೂ ಶಿಕ್ಷೆ ಆಗಬೇಕಿತ್ತು.