ಚಾಲಕನ ಮುಚ್ಚಳ

ಅವರ ಎಡಗಿವಿ ಒಣಗಿದ ಮುರುಗಲ ಹಣ್ಣಿನ ಸಿಪ್ಪೆಯಂತೆ ಮುರುಟಿಕೊಂಡಿತ್ತು. ಹುಬ್ಬುಗಳು ಮತ್ತೆ ಹುಟ್ಟಿರಲಿಲ್ಲ. ಸುಟ್ಟ ಚರ್ಮ ಬೆವರುವುದಿಲ್ಲವಾದ್ದರಿಂದ ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಅವರ ಮುಖದ ಬಲಭಾಗ ಮಾತ್ರ ಹೊಳೆಯುತ್ತಿತ್ತು. ಸಿದ್ದಾಪುರದ ಪೇಟೆಯಲ್ಲಿ ಅವರದು ಸೀಮೆಎಣ್ಣೆ ಸ್ಟೌ ಮತ್ತು ಕುಕ್ಕರ್ ರಿಪೇರಿಯ ಅಂಗಡಿ. ಯಾವುದೋ ಸ್ಟೌ ಸಿಡಿದು ಮುಖ ಹಾಗಾಯಿತೆಂದು ಊರು ನಂಬಿತ್ತು. ಅವರು ತಿದ್ದಲು ಹೋಗಿರಲಿಲ್ಲ. ರಿಪೇರಿಯಾದ ಸ್ಟೌವಿಗೆ ಕಡ್ಡಿ ಗೀರುವ ಕೆಲಸ ಗಿರಾಕಿಯದೇ. ಅವರು ಎರಡು ಹೆಜ್ಜೆ ಹಿಂದೆ ನಿಂತು, ಜ್ವಾಲೆ ನೀಲಿಯಾಗುವ ತನಕ ಬೇರೆಡೆ ನೋಡುತ್ತಿದ್ದರು.

ನಾನು ಶಿರಸಿಯ ಮುದ್ರಣಾಲಯವೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಜೋಡಿಸಿದ ಪುಟಗಳೇ ಓದು ಕಲಿಸಿದವು. ಅಚ್ಚಾದುದೆಲ್ಲ ನಿಜವಲ್ಲವೆಂಬುದನ್ನೂ ಅವೇ ಕಲಿಸಿದವು. ತೊಂಬತ್ತರ ದಶಕದ ಕೊನೆಯಲ್ಲಿ ಸುತ್ತಲಿನ ಊರುಗಳ ಸೈನಿಕರ ಕುರಿತು ಕಿರುಪುಸ್ತಕವೊಂದನ್ನು ಬರೆಯತೊಡಗಿದ್ದೆ. ತ್ಯಾಗಲಿಯ ಟ್ಯಾಂಕ್ ಚಾಲಕನೊಬ್ಬ ಎಷ್ಟೋ ವರ್ಷಗಳ ಹಿಂದಿನ ಗಡಿಯ ಯುದ್ಧದಲ್ಲಿ ಮಡಿದಿದ್ದ. ಗುಂಡು ಬಡಿದ ಕ್ಷಣದಲ್ಲೇ, ನೋವಿಲ್ಲದೆ ಪ್ರಾಣ ಹೋಯಿತೆಂದು ಅವನ ಮನೆಗೆ ಸೇನೆಯಿಂದ ಪತ್ರ ಬಂದಿತ್ತು. ಅಂಥ ಪತ್ರಗಳಲ್ಲಿ ಎಲ್ಲರೂ ನೋವಿಲ್ಲದೆಯೇ ಸಾಯುತ್ತಾರೆ. ನನಗೆ ನಂಬಿಕೆ ಬರಲಿಲ್ಲ. ಅದೇ ಟ್ಯಾಂಕಿನಲ್ಲಿ ತೋಪು ಹಾರಿಸುತ್ತಿದ್ದು, ಬದುಕಿ ಬಂದ ಒಬ್ಬರೇ ಒಬ್ಬರು ಈ ರಿಪೇರಿಯವರೆಂದು ತಿಳಿದಾಗ ಸಿದ್ದಾಪುರದ ಬಸ್ಸು ಹತ್ತಿದೆ. ಶಿರಸಿಯ ಪ್ರೆಸ್ಸಿನವನೆಂದು ಅಂಗಡಿಯಲ್ಲಿ ಪರಿಚಯ ಹೇಳಿಕೊಂಡೆ.

“ಪ್ರೆಸ್ಸಿನವ್ರೆ, ಸ್ಟೌ ತಂದೀರ?” ಎಂದರು.

“ಇಲ್ಲ. ನಿಮ್ಮ ಹತ್ತಿರ ಸ್ವಲ್ಪ ಕೇಳುವುದಿತ್ತು.”

“ಮೊದಲು ಒಂದು ಸ್ಟೌ ಹಾಳು ಮಾಡ್ಕೊಂಡು ಬನ್ನಿ. ಆಮೇಲೆ ಕೇಳಿ.”

ಎರಡು ವರ್ಷ ಹೀಗೆಯೇ ಸಾಗಹಾಕಿದರು. ನಾನೂ ಬಿಡಲಿಲ್ಲ. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿದ್ದ ಅವರ ಮಗಳು ಆಟಿಕೆಯ ಅಂಗಡಿಯೊಂದರಲ್ಲಿ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ, ಅಪ್ಪನ ಟ್ಯಾಂಕ್ ಇದೇ ಎಂದು ತಂದುಕೊಟ್ಟಳು. ಒಳಗಿದ್ದುದು ಪ್ಲಾಸ್ಟಿಕ್ಕಿನ ನೂರಾರು ತುಂಡುಗಳು, ಜೋಡಿಸುವ ಬಗೆ ತಿಳಿಸುವ ಒಂದು ಹಾಳೆ. ಜೋಡಿಸಿದರೆ ಗೇಣುದ್ದದ ಟ್ಯಾಂಕ್. ಮುಂದಿನ ಭಾನುವಾರ ಅವರೇ ನನಗೆ ಹೇಳಿ ಕಳಿಸಿದರು: “ನಿಮ್ಮ ಮೊಳೆ ಹಿಡಿಯೋ ಚಿಮಟ ತನ್ನಿ. ನನ್ನ ಬೆರಳು ಇದಕ್ಕೆ ದಪ್ಪ ಆಯ್ತು.”

ಆ ದಿನವೇ, ತುಂಡುಗಳನ್ನು ಬೇರ್ಪಡಿಸುತ್ತ, ತಲೆಯೆತ್ತದೆ ಹೇಳಿದರು:

“ಹೊಡೆತ ಬಿದ್ದಾಗ ನಾನು, ಡ್ರೈವರು ಬಿಟ್ಟು ಉಳಿದಿಬ್ಬರು ಅಲ್ಲೇ ಹೋದ್ರು. ನನ್ನ ತೋಪು ಮುಂದಕ್ಕೆ, ಬಲಕ್ಕೆ ಒಂಚೂರು ತಿರುಗಿತ್ತು. ಗಡಿಯಾರದ ಮುಳ್ಳು ಹನ್ನೆರಡೂ ಅಲ್ಲ, ಒಂದೂ ಅಲ್ಲ, ಹಂಗೆ. ಬೆಂಕಿ ಹತ್ತಿತ್ತು, ನಾ ಮೇಲಿನ ಬಾಗಿಲಿಂದ ಹಾರಿದೆ. ಅಂವ ಕೆಳಗೆ, ಮುಂದೆ, ಬಲಬದಿಗೆ. ಅವನ ತಲೆ ಮೇಲೆ ಅವನದೇ ಒಂದು ಮುಚ್ಚಳ. ಅದಕ್ಕೆ ನನ್ನ ತೋಪಿನ ನಳಿಗೆ ಅಡ್ಡ ಆಗಿತ್ತೋ ಇಲ್ವೋ? ನಂಗೆ ಅಷ್ಟು ಗೊತ್ತಾಗ್ಬೇಕು. ಆಗಿತ್ತು ಅಂದ್ರೆ, ಹಾರೂಕೆ ಮುಂಚೆ ನಾ ತೋಪು ಸರಿಸೋ ಹಿಡಿಕೆ ನಾಕು ಸುತ್ತು ತಿರುಗಿಸಿದ್ರೆ ಅಂವ ಹೊರಗೆ ಬರ್ತಿದ್ದ.”

“ಅವನು ಆಗಲೇ ಸತ್ತಿರಲಿಲ್ಲವೇ?”

“ಸತ್ತವ ಒಳಗಿಂದ ಬಡೀತ್ನ, ಪ್ರೆಸ್ಸಿನವ್ರೆ?”

ಆರು ಭಾನುವಾರ ಕುಳಿತೆವು. ಪೆಟ್ಟಿಗೆಯ ಜೊತೆಗೆ ಬಂದಿದ್ದ ಅಂಟು ಕೊಳವೆಯಲ್ಲೇ ಕಲ್ಲಾಗಿತ್ತು. ಸ್ಕೂಟರಿಗೆ ಬಣ್ಣ ಹೊಡೆಯುವವನಲ್ಲಿ ಥಿನ್ನರ್ ತಂದು, ಬೇಡವಾದ ಪ್ಲಾಸ್ಟಿಕ್ ಚೂರುಗಳನ್ನು ಅದರಲ್ಲೇ ಕರಗಿಸಿ ಅಂಟು ಮಾಡಿದರು. ಸಂದು ತುಂಬಲೂ ಅದೇ ಆಯಿತು. ತಳದ ಭಾಗ ಸೊಟ್ಟಗಾಗಿತ್ತು. ಬಿಸಿನೀರಿನಲ್ಲಿ ಅದ್ದಿ, ತಕ್ಕಡಿಯ ಕಲ್ಲುಗಳ ನಡುವೆ ಒತ್ತಿಟ್ಟು ನೆಟ್ಟಗೆ ಮಾಡಿದರು. ಚಕ್ರಗಳ ಸುತ್ತಲಿನ ಪಟ್ಟಿಗೆ ಯಾವ ಅಂಟೂ ಹಿಡಿಯಲಿಲ್ಲ. ಸ್ಕ್ರೂಡ್ರೈವರಿನ ತುದಿ ಕಾಯಿಸಿ ಬೆಸೆದರು. ಅದನ್ನು ಕಾಯಿಸಲು ಸ್ಟೌ ಹೊತ್ತಿಸಿದವನು ನಾನು.

ಚಾಲಕನ ಮುಚ್ಚಳವನ್ನು ಮುಚ್ಚಿಯೇ ಅಂಟಿಸಬೇಕೆಂದು ಹಾಳೆಯಲ್ಲಿತ್ತು. “ಈ ಕಾಗದ ಬರೆದವ ಟ್ಯಾಂಕಿನ ಒಳಗೆ ಕೂತಿದ್ನ?” ಎಂದು ಅದನ್ನು ಬದಿಗೆ ತಳ್ಳಿ, ಸ್ಟೌ ಪಿನ್ನಿನ ತಂತಿಯಿಂದ ಮುಚ್ಚಳಕ್ಕೆ ಬಿಜಾಗರಿ ಮಾಡಿದರು. ನನಗೆ ಬಹಳ ಸಂತೋಷವಾಯಿತು. ಅಚ್ಚಾದ ಕಾಗದವನ್ನು ಹಾಗೆ ತಳ್ಳುವ ಇನ್ನೊಬ್ಬ ಮನುಷ್ಯ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ತೋಪನ್ನು ಹೊತ್ತು ತಿರುಗುವ ಮೇಲಿನ ಭಾಗಕ್ಕೆ ಅವರು ಟರೆಟ್ ಎನ್ನುತ್ತಿದ್ದರು. ಅದು ತನ್ನ ಗುಂಡಿಯಲ್ಲಿ ಸರಿಯಾಗಿ ಕೂರದೆ ಅಲ್ಲಾಡುತ್ತಿತ್ತು. ಸ್ಟೌವಿನ ವಾಲ್ವನ್ನು ಹೇಗೆ ತಿಕ್ಕಿ ಕೂರಿಸುತ್ತಿದ್ದರೋ ಹಾಗೆಯೇ ಅದರ ತಳವನ್ನು ಉಪ್ಪುಕಾಗದದ ಮೇಲೆ ವೃತ್ತಾಕಾರವಾಗಿ ತಿಕ್ಕಿದರು. “ತಿಕ್ಕಿದ್ರೆ ಕೂರದೆ ಇರೂದು ಎಂತದೂ ಇಲ್ಲ” ಎಂಬುದು ಅವರ ಕಸುಬಿನ ಮಾತು. ಟರೆಟ್ ಬಿಗಿಯಾಗಿ ಕೂತಿತು. ಆದರೆ ಮೊದಲಿಗಿಂತ ಕೂದಲೆಳೆಯಷ್ಟು ಕೆಳಗೆ ಕೂತಿತು; ಅದರೊಡನೆ ನಳಿಗೆಯೂ ಇಳಿಯಿತು. ಮೂವತ್ತು ವರ್ಷ ಮೊಳೆಗಳ ಎತ್ತರ ನೋಡಿದ ಕಣ್ಣು ನನ್ನದು. ಕಂಡಿತು. ಬಾಯಿ ಬಿಡಲಿಲ್ಲ.

ಅವರು ಟರೆಟ್ಟನ್ನು ತಮಗೆ ನೆನಪಿದ್ದ ಕೋನಕ್ಕೆ ತಿರುಗಿಸಿ, ಪಿನ್ನಿನ ತುದಿಯಿಂದ ಮುಚ್ಚಳ ಎತ್ತಿದರು. ಅರ್ಧಕ್ಕೆ ಅದು ನಳಿಗೆಗೆ ತಾಗಿ ನಿಂತಿತು. ಮೂರು ಸಲ ಎತ್ತಿದರು. ಮೂರು ಸಲವೂ ಅಲ್ಲೇ ನಿಂತಿತು.

“ಅಡ್ಡ ಆಗಿತ್ತು,” ಎಂದರು. ಬೆಳಗಿನ ಹನ್ನೊಂದು ಗಂಟೆಗೆ ಹಲಗೆಗಳನ್ನು ಹಾಕಿ ಅಂಗಡಿ ಮುಚ್ಚತೊಡಗಿದರು.

ಮುಂದಿನ ವಾರ ನನ್ನನ್ನು ಕರೆದುಕೊಂಡು ತ್ಯಾಗಲಿಗೆ ಹೊರಟರು. ಚಾಲಕನ ತಂಗಿ ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟರು. ಇವರು ಮುಟ್ಟದೆ, ನನಗೆ ಹೇಳಿದ್ದನ್ನೆಲ್ಲ ಅದೇ ಕ್ರಮದಲ್ಲಿ ಹೇಳಿದರು.

“ಅಣ್ಣ, ಅಂವ ಕೂಗಿದ್ನ?” ಎಂದು ಆಕೆ ಕೇಳಿದರು.

“ಬಡಿದ, ತಂಗಿ. ಸುಮಾರು ಹೊತ್ತು ಬಡಿದ.”

ಆಕೆ ಬೆಲ್ಲದ ತಟ್ಟೆಯನ್ನೂ ನೀರಿನ ತಂಬಿಗೆಯನ್ನೂ ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಬರಲಿಲ್ಲ. ಮರಳುವಾಗ ಬಸ್ಸಿನಲ್ಲಿ ಅವರು ನುಡಿದದ್ದು ಒಂದೇ ಮಾತು: “ಈಗ ಬರ್ಕೊಳ್ಳಿ, ನಿಮ್ಮ ಪುಸ್ತಕಕ್ಕೆ.”

ಬರೆದೆ, ನಾನೇ ಮೊಳೆ ಜೋಡಿಸಿದೆ. ಪತ್ರದ ಸುಳ್ಳನ್ನು ಬಯಲಿಗೆಳೆದೆನೆಂದು ಹಲವರು ಹೊಗಳಿದರು. ಅವರು ಮಾತ್ರ ಅಂಗಡಿಯನ್ನು ಮತ್ತೆ ತೆರೆಯಲಿಲ್ಲ, ಊಟ ಬಿಟ್ಟರು, ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡರು. ಡಾಕ್ಟರು ಹೃದಯದ ಕಾಯಿಲೆ ಎಂದರು. ನಾನು ಅದನ್ನೂ ನಂಬಿಲ್ಲ.

ಕೆಲವು ವರ್ಷಗಳ ತರುವಾಯ ಹುಬ್ಬಳ್ಳಿಯಲ್ಲಿ ಅದೇ ಪೆಟ್ಟಿಗೆ ಕಂಡಿತು. ಕೊಂಡು ತಂದು, ಆ ಮುಚ್ಚಳಕ್ಕೆ ಬಿಜಾಗರಿ ಇಟ್ಟುದೊಂದನ್ನುಳಿದು ಎಲ್ಲವನ್ನೂ ಹಾಳೆ ಹೇಳಿದಂತೆಯೇ ಜೋಡಿಸಿದೆ. ಟರೆಟ್ಟಿನ ತಳವನ್ನು ತಿಕ್ಕಲಿಲ್ಲ. ಅದೇ ಕೋನಕ್ಕೆ ತಿರುಗಿಸಿ ಮುಚ್ಚಳ ಎತ್ತಿದೆ. ಅದು ನಳಿಗೆಗೆ ತಾಗದೆ ಪೂರ್ತಿ ತೆರೆಯಿತು. ಪ್ಲಾಸ್ಟಿಕ್ಕಿನ ಆಟಿಕೆ ಉಕ್ಕಿನ ಟ್ಯಾಂಕಿಗೆ ಸಾಕ್ಷಿಯಾಗಲಾರದು, ನಿಜ. ಚಾಲಕ ಗಾಯಗೊಂಡು ಏಳಲಾರದೆ ಹೋದನೋ, ಬೇರೇನಾಯಿತೋ, ಯಾರೂ ಹೇಳಲಾರರು. ಆದರೆ ಆ ಭಾನುವಾರ ನಾನು ಸುಮ್ಮನಿದ್ದುದು ತಿಳಿಯದೆ ಅಲ್ಲ. ಮುಚ್ಚಳ ತೆರೆಯುವಂತಿದ್ದರೆ, ಬದುಕಿದ್ದವ ಏಕೆ ಹೊರಬರಲಿಲ್ಲವೆಂಬ ಪ್ರಶ್ನೆ ಏಳುತ್ತಿತ್ತು; ಪತ್ರ ಸುಳ್ಳಾಗಲಿ ಎಂದು ನನಗೆ ಆಸೆಯಿತ್ತು. ಜಗತ್ತನ್ನೆಲ್ಲ ಸಂಶಯಿಸಿದ ನಾನು, ನನಗೆ ಬೇಕಾದ ಉತ್ತರ ಬಂದ ಕೂಡಲೇ ಸಂಶಯ ಬಿಟ್ಟೆ.

ಎರಡನೆಯ ಟ್ಯಾಂಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತ್ಯಾಗಲಿಗೆ ಹೋದೆ. ಚಾಲಕನ ತಂಗಿಗೆ ವಯಸ್ಸಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, ಉಗುರಿನಿಂದ ಮುಚ್ಚಳ ಎತ್ತಿ, ಇಳಿಸಿ, ಮತ್ತೊಮ್ಮೆ ಎತ್ತಿದರು.

“ತಿಕ್ಕಿದ್ದು ಹೆಚ್ಚಾಯ್ತು ಅಂತ ಆವತ್ತೇ ಕಂಡಿತ್ತ ನಿಮಗೆ?”

“ಕಂಡಿತ್ತು.”

“ಅವರ ಪಕ್ಕದಲ್ಲೇ ಕೂತಿದ್ರಿ. ಅವರಿಗೆ ಹೇಳದೆ, ಈಗ ನನ್ನ ಹತ್ರ ಎಂತಕ್ಕೆ ತಂದ್ರಿ ಇದನ್ನ?”