ಬೆಲ್ಟಣ್ಣನ ಎಡಗೈ

ನಮ್ಮ ಜಿಮ್ಮಿನಲ್ಲಿ ಅವನನ್ನು ಎಲ್ಲರೂ ಬೆಲ್ಟಣ್ಣ ಎಂದೇ ಕರೆಯುವುದು. ಹಿಂದಿನಿಂದ ಆಡಿಕೊಳ್ಳಲು ಇಟ್ಟ ಹೆಸರು. ಅವನು ಅದನ್ನು ಬಿರುದು ಎಂದು ಸ್ವೀಕರಿಸಿದ್ದರಿಂದ ಎದುರಿಗೇ ಕರೆಯುವ ಅನುಕೂಲವಾಯಿತು. ತೂಕ ಎತ್ತುವಾಗ ಸೊಂಟಕ್ಕೆ ಬಿಗಿಯುವ, ಅಂಗೈ ಅಗಲದ ದಪ್ಪ ಚರ್ಮದ ಬೆಲ್ಟು, ಎಮ್ಮೆ ಕಟ್ಟಬಹುದಾದಂಥ ಬಕಲು. ಅದು ಚೀಲದೊಳಗೆ ಹಿಡಿಸುತ್ತದೆ. ಆದರೂ ಹೆಗಲ ಮೇಲೆ ಹಾಕಿಕೊಂಡೇ ಬೀದಿಯುದ್ದಕ್ಕೂ ನಡೆದು ಬರುತ್ತಾನೆ. ದಾರಿಯಲ್ಲಿ ಯಾರಾದರೂ "ಏನಿದು?" ಎಂದು ಕೇಳಿಬಿಟ್ಟರೆ ಅವತ್ತು ಜಿಮ್ಮಿಗೆ ತಡವಾಗಿ ಬರುತ್ತಾನೆ.

ಹೊಟ್ಟೆಪಾಡಿಗೆ ಗಾಜಿನಂಗಡಿ. ಅಪ್ಪ ಇಟ್ಟದ್ದು, ಈಗ ಅಣ್ಣತಮ್ಮಂದಿರು ನಡೆಸುತ್ತಾರೆ. ಕಿಟಕಿಗೆ ಗಾಜು, ಬಚ್ಚಲಿಗೆ ಕನ್ನಡಿ, ಮೇಜಿಗೆ ಮೇಲುಹಾಸು. ತಮ್ಮ ಕತ್ತರಿಸುತ್ತಾನೆ, ಅಣ್ಣ ಗಿರಾಕಿಗಳ ಜೊತೆ ಮಾತಾಡುತ್ತಾನೆ, ಹೊರುವಾಗ ಇಬ್ಬರೂ ಸೇರುತ್ತಾರೆ. ಮಹಡಿ ಮೆಟ್ಟಿಲಲ್ಲಿ ಗಾಜಿನ ದೊಡ್ಡ ಹಾಳೆ ಒಯ್ಯುವಾಗ ಅಣ್ಣ ಮೇಲಿನ ತುದಿ ಹಿಡಿದು ಹಿಂದು ಹಿಂದಕ್ಕೆ ಹತ್ತುತ್ತಾನೆ, ತಮ್ಮ ಕೆಳಗಿನ ತುದಿ ಹೊತ್ತು ಮುಖ ಮೇಲೆತ್ತಿ ಬರುತ್ತಾನೆ. ಭಾರ ಕೆಳಗಿನವನಿಗೆ, ಜವಾಬ್ದಾರಿ ಮೇಲಿನವನಿಗೆ. ಮೇಲಿನ ಕೈ ಸಡಿಲಾದರೆ ಹಾಳೆ ಬೇರೆಲ್ಲಿಗೂ ಹೋಗುವುದಿಲ್ಲ, ಕೆಳಗಿನವನ ಕತ್ತಿನ ಎತ್ತರಕ್ಕೇ ಜಾರಿ ಬರುತ್ತದೆ. ಇಷ್ಟು ವರ್ಷ ಒಂದೂ ಜಾರಿರಲಿಲ್ಲ. ಅದಕ್ಕೆ ಕಾರಣ ತನ್ನ ಜಿಮ್ಮೇ ಎಂದು ಬೆಲ್ಟಣ್ಣ ಹೇಳುತ್ತಿದ್ದ. ತಮ್ಮ ಜಿಮ್ಮಿನ ಹೊಸಿಲು ತುಳಿದವನಲ್ಲ. ಇಡೀ ದಿನ ಭಾರ ಹೊತ್ತು ಸಂಜೆ ದುಡ್ಡು ಕೊಟ್ಟು ಇನ್ನಷ್ಟು ಹೊರುವವರನ್ನು ಕಂಡರೆ ತನಗೆ ಅಯ್ಯೋ ಅನಿಸುತ್ತದೆ ಎಂದು ಅತ್ತಿಗೆಯ ಮುಂದೆ ಹೇಳಿಕೊಂಡು ನಗುತ್ತಿದ್ದ.

ಬೆಲ್ಟಣ್ಣನ ಉಪನ್ಯಾಸಗಳಿಗೆ ನಾವೆಲ್ಲ ಋಣಿಗಳು, ಯಾಕೆಂದರೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹೊಸಬರು ಬೆಲ್ಟು ಕಟ್ಟುವಾಗ ಹೊಟ್ಟೆ ಒಳಗೆಳೆದುಕೊಂಡು ಕನ್ನಡಿ ನೋಡಿಕೊಂಡರೆ ಅವನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಬೆಲ್ಟು ಇರುವುದು ಸೊಂಟ ತೆಳ್ಳಗೆ ಕಾಣಲಿಕ್ಕಲ್ಲ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡು ಆ ಚರ್ಮದ ಮೇಲೆ ಒತ್ತಬೇಕು, ಆಗ ಬೆನ್ನು ಕಂಬದ ಹಾಗೆ ನಿಲ್ಲುತ್ತದೆ. ಕಟ್ಟಿದ ಮೇಲೂ ಒಂದು ಬೆರಳು ಒಳಗೆ ತೂರಬೇಕು. ಹಗುರ ತೂಕಕ್ಕೆ ಬೆಲ್ಟೇ ಬೇಡ. ಹಿಡಿತಕ್ಕೂ ಅವನದೊಂದು ಕ್ರಮವಿತ್ತು. ಮೊದಲು ಬರಿಗೈ, ಬೆವರಿದರೆ ಬಿಳಿಪುಡಿ, ಬೆನ್ನು ಇನ್ನೂ ಗಟ್ಟಿಯಿದ್ದು ಬೆರಳು ಸೋತಾಗ ಮಾತ್ರ ಕೈಪಟ್ಟಿ. ಮಣಿಕಟ್ಟಿಗೆ ತೊಟ್ಟು, ಉಳಿದ ತುದಿಯನ್ನು ತೂಕ ಪೋಣಿಸಿದ ಕಬ್ಬಿಣದ ಕಂಬಿಗೆ ಸುತ್ತಿಕೊಂಡರೆ, ಬೆರಳು ಬಿಟ್ಟರೂ ಕಂಬಿ ಬಿಡುವುದಿಲ್ಲ. ಅದಕ್ಕೇ ಅದು ಕಡೆಯ ಉಪಾಯ, ಚಟ ಮಾಡಿಕೊಳ್ಳಬಾರದು ಎನ್ನುತ್ತಿದ್ದ. ಇದೆಲ್ಲ ಸರಿಯಾದ ಮಾತೇ. ಹೇಳುವಾಗ ಒಂದು ಕಾಲು ಬೆಂಚಿನ ಮೇಲಿಡುತ್ತಿದ್ದುದಷ್ಟೇ ಹೆಚ್ಚಾಯಿತು.

ಕೆಲವು ತಿಂಗಳ ಹಿಂದೆ ಅವನ ಎಡಗೈಯ ಕಿರುಬೆರಳು ಜೋಮು ಹಿಡಿಯಿತು. ಮಲಗಿದ್ದು ಸರಿಯಾಗಲಿಲ್ಲವೇನೋ ಅಂದುಕೊಂಡ. ಮಂಚದ ಪಕ್ಕ ಬದಲಿಸಿದ. ಜೋಮು ಪಕ್ಕದ ಬೆರಳಿಗೂ ಬಂತು. ಅಂಗಿಯ ಗುಂಡಿ ಹಾಕುವುದು ನಿಧಾನವಾಯಿತು; ಬೈಗುಳ ದರ್ಜಿಗೆ ಹೋಯಿತು. ಒಂದು ದಿನ ಹೆಂಡತಿ ಬಿಗಿಯಾದ ಡಬ್ಬಿಯೊಂದನ್ನು ಎಂದಿನ ಹಾಗೆ ಅವನ ಮುಂದಿಟ್ಟಳು. ಮನೆಯಲ್ಲಿ ಮುಚ್ಚಳ ತೆಗೆಯುವ ಖಾತೆ ಅವನದೇ. ಎಡಗೈಯಲ್ಲಿ ಡಬ್ಬಿ ಹಿಡಿದು ಬಲಗೈಯಲ್ಲಿ ತಿರುಗಿಸಿದರೆ ಮುಚ್ಚಳದ ಜೊತೆ ಡಬ್ಬಿಯೂ ತಿರುಗಿತು. ಇದರಲ್ಲಿರುವುದನ್ನು ಇವತ್ತೇ ತಿನ್ನಬೇಕೆಂದೇನಿದೆ, ಬಾಯಿಚಪಲ ಕಡಿಮೆ ಮಾಡಿಕೊಳ್ಳಿ ಎಂದು ಮನೆಯವರಿಗೆಲ್ಲ ಬೋಧಿಸಿ ಎದ್ದುಹೋದ. ಅವಳು ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತೆಗೆದುಕೊಂಡಳು. ಗಂಡನ ಮುಖವನ್ನು ಮಾತ್ರ ಊಟ ಮುಗಿಯುವವರೆಗೂ ನೋಡುತ್ತಲೇ ಇದ್ದಳಂತೆ.

ಅವನ ಒಳಗೆ ಕೂತಿದ್ದ ಹೆದರಿಕೆ ಬೇರೆ. ಅಪ್ಪನ ಕೈಯೂ ಹೀಗೇ ಹೋಗಿತ್ತು. ವಯಸ್ಸಾದ ಮೇಲೆ ಅಪ್ಪ ಗಾಜು ಮುಟ್ಟುವುದನ್ನು ಬಿಟ್ಟು, ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಅದಕ್ಕೆ ಹೆಸರೇನು, ಎಲ್ಲಿಂದ ಶುರುವಾಯಿತು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ವೈದ್ಯರ ಹತ್ತಿರ ಹೋದರೆ ಹೆಸರು ಹೇಳಿಬಿಡುತ್ತಾರೆ. ಹಾಗಾಗಿ ಬೆಲ್ಟಣ್ಣ ಅಲ್ಲಿಗೆ ಹೋಗದೆ ಜಿಮ್ಮಿಗೆ ಹೋದ.

ಅಲ್ಲಿ ಅವನಿಗೊಂದು ಸಮಾಧಾನ ಸಿಕ್ಕಿತು. ಎಡಗೈಗೆ ಪಟ್ಟಿಯನ್ನು ಒಂದು ಸುತ್ತು ಹೆಚ್ಚು ಬಿಗಿದರೆ ತೂಕ ಮೊದಲಿನಂತೆಯೇ ಮೇಲೇಳುತ್ತಿತ್ತು. ಇನ್ನೂ ಒಂದು ಸುತ್ತು ಬಿಗಿದರೆ ಮೊದಲಿಗಿಂತ ಹೆಚ್ಚೇ ಎದ್ದಿತು. ಕೈಯಲ್ಲಿ ದೋಷವಿದ್ದರೆ ಇಷ್ಟು ಎತ್ತಲಾಗುತ್ತಿತ್ತೇ ಎಂದು ತನ್ನನ್ನೇ ಕೇಳಿಕೊಂಡ, ತಾನೇ ಇಲ್ಲ ಎಂದ. ಜೋಮು ಹೆಚ್ಚಾದಷ್ಟೂ ಪಟ್ಟಿ ಬಿಗಿಯಾಯಿತು, ಪಟ್ಟಿ ಬಿಗಿಯಾದಷ್ಟೂ ಜೋಮು ಹೆಚ್ಚಾಯಿತು. ಆದರೆ ಕಂಬಿ ಏಳುತ್ತಿದ್ದುದರಿಂದ ಅವನು ಕೈಯ ಕಡೆ ನೋಡಲಿಲ್ಲ, ಕಂಬಿಯ ಕಡೆಗೇ ನೋಡಿದ. ಕಡೆಗೆ ಮೈ ಬೆಚ್ಚಗಾಗಲೆಂದು ಎತ್ತುವ ಖಾಲಿ ಕಂಬಿಗೂ ಪಟ್ಟಿ ಸುತ್ತಲು ಶುರುಮಾಡಿದ. ಜಿಮ್ಮು ನಡೆಸುವ ಕೋಚ್ ಮೇಡಂ ಒಂದು ಕಾಲಕ್ಕೆ ತಾವೇ ಸ್ಪರ್ಧೆಗಳಲ್ಲಿ ಎತ್ತಿದವರು. ಅವರು ಅದನ್ನು ಗಮನಿಸಿ, ಖಾಲಿ ಕಂಬಿ ಅಷ್ಟೊಂದು ತೂಕ ಯಾವಾಗ ಆಯಿತು ಎಂದು ಕೇಳಿದರು. ಬೆಲ್ಟಣ್ಣ ಅವರಿಗೆ ಅಭ್ಯಾಸಬಲದ ಬಗ್ಗೆ ಉಪನ್ಯಾಸ ಕೊಟ್ಟ.

ಜಿಮ್ಮಿನಲ್ಲಿ ಅವನು ಹೀಗೆ ಧೈರ್ಯವಾಗಿದ್ದ. ಮೆಟ್ಟಿಲ ಮೇಲೆ ಇರಲಿಲ್ಲ. ಗಾಜಿನ ಹಾಳೆಗೆ ಪಟ್ಟಿ ಸುತ್ತಲಾಗುವುದಿಲ್ಲ. ಗಾಜಿಗೆ ಅಂಟಿಸಿ ಹಿಡಿಯುವ ರಬ್ಬರಿನ ಬಟ್ಟಲುಗಳಿವೆ, ಆದರೆ ಅವಕ್ಕೂ ಹಿಡಿಕೆ ಇದೆ, ಹಿಡಿಕೆಯನ್ನು ಹಿಡಿಯುವುದು ಮತ್ತೆ ಕೈಯೇ. ದೊಡ್ಡ ಕೆಲಸ ಬಂದ ದಿನ ಅವನಿಗೆ ತಿಂಡಿ ಸೇರುತ್ತಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ಎಡಗೈಯ ಬೆರಳುಗಳನ್ನು ಕಣ್ಣಿಂದ ನೋಡಿ ಖಚಿತ ಮಾಡಿಕೊಳ್ಳುತ್ತಿದ್ದ, ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಗಾಜಿನಾಚೆ ತಮ್ಮನ ಮುಖ ಕಾಣುತ್ತಿತ್ತು. ಗಾಜಿನ ಅಂಗಡಿಯವರಿಗೆ ಇರುವ ತೊಂದರೆ ಇದು, ಹೊತ್ತ ಸಾಮಾನಿನೊಳಗಿಂದ ಎದುರಿಗಿರುವವನು ಪೂರ್ತಿ ಕಾಣುತ್ತಾನೆ. ತಮ್ಮ ಏನೋ ಗುನುಗುತ್ತಾ ಹತ್ತುತ್ತಿದ್ದ. ಹೇಳಿಬಿಡೋಣ ಎಂದು ಪ್ರತಿ ಸಲ ಅಂದುಕೊಂಡು, ಮೇಲೆ ತಲುಪಿದ ಮೇಲೆ ತಲುಪಿದೆವಲ್ಲ ಎಂದು ಸುಮ್ಮನಾಗುತ್ತಿದ್ದ.

ಅಷ್ಟರಲ್ಲಿ ಜಿಮ್ಮಿನ ಗೋಡೆಯ ದೊಡ್ಡ ಕನ್ನಡಿಗೆ ಯಾರೋ ತೂಕದ ಪ್ಲೇಟು ಉರುಳಿಸಿದ್ದರಿಂದ ಅದು ಬಿರುಕು ಬಿಟ್ಟಿತು. ಅಳತೆ ತೆಗೆಯಲು ತಮ್ಮ ಬಂದ. ಸಂಜೆಯ ಹೊತ್ತು, ಜನ ತುಂಬಿತ್ತು. ಬೆಲ್ಟಣ್ಣ ಬೆಲ್ಟು ಕಟ್ಟಿ, ಎಡಗೈಯ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಗಿದುಕೊಳ್ಳುತ್ತಿದ್ದ. ತಮ್ಮ ಟೇಪು ಹಿಡಿದವನು ಹಾಗೇ ನಿಂತು ನೋಡಿದ. ಇದೇನು, ಕೈ ಮುರಿದಿದೆಯಾ ಎಂದು ಕೇಳಿದ. ಬೆಲ್ಟಣ್ಣ ಪಟ್ಟಿಯ ಮಹಿಮೆಯನ್ನು ಹೇಳಿದ. ತಮ್ಮ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಗಾಜು ಹೊರುವಾಗ ಇದನ್ನು ಯಾಕೆ ತರುವುದಿಲ್ಲ, ಕೆಳಗೆ ನಿಲ್ಲುವವನು ನಾನು ತಾನೇ ಎಂದ. ತಮಾಷೆಗೇ ಅಂದದ್ದು. ಸುತ್ತ ಇದ್ದವರೆಲ್ಲ ನಕ್ಕರು. ಪಟ್ಟಿ ಬಿಚ್ಚಿ ಬರಿಗೈಯಲ್ಲಿ ಎತ್ತಿ ತಮ್ಮನಿಗೆ ತೋರಿಸಿಬಿಡು ಬೆಲ್ಟಣ್ಣ ಎಂದು ಯಾರೋ ಕೂಗಿದರು. ಕೋಚ್ ಮೇಡಂ ಮಾತ್ರ ನಗಲಿಲ್ಲ. ಅರ್ಧಕ್ಕರ್ಧ ತೂಕ ಇಳಿಸಿ, ಬಿಳಿಪುಡಿಯ ಡಬ್ಬಿಯನ್ನು ಅವನ ಕಾಲ ಬಳಿ ಇಟ್ಟರು.

ಬೇಡ ಎನ್ನಬಹುದಿತ್ತು. ಆದರೆ ಅಷ್ಟು ವರ್ಷ ಉಪನ್ಯಾಸ ಕೊಟ್ಟವನಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಅಂಗೈಗೆ ಪುಡಿ ಹಚ್ಚಿಕೊಂಡ. ಹೊಟ್ಟೆ ತುಂಬ ಉಸಿರು ತುಂಬಿಕೊಂಡ, ಬೆನ್ನು ನೆಟ್ಟಗಾಯಿತು, ಕಂಬಿ ನೆಲ ಬಿಟ್ಟಿತು. ಮೊಣಕಾಲ ತನಕ ಎಲ್ಲ ಸರಿಯಿತ್ತು. ಅಲ್ಲಿ ಎಡಗೈಯ ಬೆರಳುಗಳು ಕಿರುಬೆರಳಿನಿಂದ ಶುರುವಾಗಿ ಒಂದೊಂದಾಗಿ ಬಿಚ್ಚಿಕೊಂಡವು. ಅವನು ಬಿಡಲಿಲ್ಲ, ಅವೇ ಬಿಟ್ಟವು. ಕಂಬಿ ಓರೆಯಾಗಿ ನೆಲಕ್ಕಪ್ಪಳಿಸಿತು. ಹುಡುಗರು ಚಪ್ಪಾಳೆ ತಟ್ಟಿ ನಕ್ಕರು, ಪುಡಿ ಸಾಲದಾಯಿತು ಎಂದರು. ಬೆಲ್ಟಣ್ಣನೂ ನಗುವ ಪ್ರಯತ್ನ ಮಾಡಿದ. ತಮ್ಮ ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗಿಟ್ಟುಕೊಂಡು, ಅಣ್ಣನ ಕೈಯನ್ನೇ ನೋಡುತ್ತಾ ನಿಂತ. ಅಳತೆ ತೆಗೆಯುವುದು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಯೊಂದರ ಮೆಟ್ಟಿಲ ಕಿಟಕಿಗೆ ಆಳೆತ್ತರದ ಗಾಜು ಹೋಗಬೇಕಿತ್ತು. ಇಬ್ಬರೂ ವ್ಯಾನಿನಲ್ಲಿ ಹೊರಟರು. ಆಸ್ಪತ್ರೆಯ ಮುಂದೆ ಇಳಿದು ಗಾಜಿನ ಹಗ್ಗ ಬಿಚ್ಚಿದ ಮೇಲೆ ಬೆಲ್ಟಣ್ಣ ನಿಂತುಬಿಟ್ಟ.

"ನನ್ನ ಎಡಗೈ ನನಗೆ ಗೊತ್ತಾಗ್ತಿಲ್ಲ ಕಣೋ," ಎಂದ. "ಹಿಡಿದಿದೀನೋ ಬಿಟ್ಟಿದೀನೋ ನೋಡಿದ್ರೇನೇ ತಿಳಿಯೋದು."

ತಮ್ಮ ಹಗ್ಗವನ್ನು ಮತ್ತೆ ಕಟ್ಟತೊಡಗಿದ. ಗಂಟು ಬಿಗಿದ ಮೇಲೆ ಕೇಳಿದ.

"ಎಷ್ಟು ದಿನದಿಂದ?"

ಬೆಲ್ಟಣ್ಣ ಹೇಳಿದ. ತಮ್ಮ ಆ ತಿಂಗಳುಗಳ ಕೆಲಸಗಳನ್ನೆಲ್ಲ ಮನಸ್ಸಿನಲ್ಲೇ ಹತ್ತಿ ಇಳಿದಿರಬೇಕು. ಬ್ಯಾಂಕಿನ ಮಹಡಿ, ನಾಟ್ಯಶಾಲೆಯ ಕನ್ನಡಿ, ತಿರುವು ಮೆಟ್ಟಿಲಿನ ಆ ವಕೀಲರ ಮನೆ. ಕೈ ತಾನಾಗಿ ಕತ್ತಿನ ಹತ್ತಿರ ಹೋಯಿತಂತೆ.

"ನಿನ್ನ ಕೈಗೆ ನಾಚಿಕೆ ಆಗ್ಬಾರ್ದು ಅಂತ ನನ್ನ ಕತ್ತನ್ನ ಅಡ ಇಟ್ಟಿದ್ಯಲ್ಲೋ," ಎಂದ. ಅಣ್ಣನನ್ನು ಅವನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಆಮೇಲೆ ತಾನೇ ಒಳಗೆ ಹೋಗಿ ಗಾಜು ಇವತ್ತು ಬರುವುದಿಲ್ಲ ಎಂದು ಹೇಳಿ ಬಂದ. ಅಲ್ಲಿಂದ ನೇರವಾಗಿ ನರದ ವೈದ್ಯರಲ್ಲಿಗೆ ವ್ಯಾನು ಓಡಿಸಿದ. ಗಾಜೂ ಜೊತೆಯಲ್ಲೇ ಬಂತು.

ವೈದ್ಯರು ಮಣಿಕಟ್ಟಿನಲ್ಲಿ ಪಟ್ಟಿ ಕೊರೆದ ಗುರುತಿನ ಮೇಲೆ ಬೆರಳಿಟ್ಟು ಒತ್ತಿದಾಗ ಬೆಲ್ಟಣ್ಣ ಕುರ್ಚಿಯಿಂದ ಎದ್ದುಬಿಟ್ಟ. ಅಲ್ಲಿ ನರ ಒತ್ತಿಹೋಗಿದೆ, ಬಹುಶಃ ಅಷ್ಟೇ ಇರಬಹುದು ಎಂದರು. ಅಪ್ಪನ ಕೈಯ ವಿಷಯ ಹೇಳಿದ್ದಕ್ಕೆ, ಪಟ್ಟಿ ಬಿಟ್ಟು ಕೆಲವು ತಿಂಗಳು ನೋಡೋಣ, ಬೆರಳಿನ ಸ್ಪರ್ಶ ವಾಪಸು ಬಂದರೆ ತಪ್ಪು ಪಟ್ಟಿಯದು, ಬರದಿದ್ದರೆ ಆಮೇಲೆ ಮಾತಾಡೋಣ ಎಂದರು. ಬೆಲ್ಟಣ್ಣನಿಗೆ ಆ "ಬಹುಶಃ" ಬಿಟ್ಟು ಬೇರೇನೂ ಕೇಳಿಸಲಿಲ್ಲ. ಸಣ್ಣದೊಂದು ಜೋಮಿಗೆ ಹೆದರಿ ತಾನೇ ಕೈಯಾರೆ ನರ ಹಿಸುಕಿಕೊಂಡಿರಬಹುದು ಎಂಬ ಸಂಗತಿ, ಸಂತೋಷ ಪಡಬೇಕಾದದ್ದೋ ತಲೆ ಚಚ್ಚಿಕೊಳ್ಳಬೇಕಾದದ್ದೋ ಅವನಿಗೆ ಇನ್ನೂ ತೀರ್ಮಾನವಾಗಿಲ್ಲ.

ಈಗ ಜಿಮ್ಮಿಗೆ ಬರುತ್ತಾನೆ, ಹಗುರವಾಗಿ ಎತ್ತುತ್ತಾನೆ. ಬೆಂಚಿನ ಮೇಲೆ ಕಾಲಿಡುವುದಿಲ್ಲ. ಉಪನ್ಯಾಸವಿಲ್ಲದೆ ನಮಗೇ ಒಂದು ಥರ ಕಸಿವಿಸಿ.

ಅಂಗಡಿಯಲ್ಲಿ ಮಾತ್ರ ಹೊಸದೊಂದು ಪದ್ಧತಿ ಬಂದಿದೆ. ಬೆಳಿಗ್ಗೆ ಶಟರು ಎತ್ತಿದ ಕೂಡಲೇ ತಮ್ಮ ಎಡಗೈ ಚಾಚುತ್ತಾನೆ, ಅಣ್ಣ ಎಡಗೈ ಕೊಡುತ್ತಾನೆ. ಒಂದೇ ಮನೆಯಲ್ಲಿ ಎದ್ದು, ಒಂದೇ ವ್ಯಾನಿನಲ್ಲಿ ಬಂದ ಅಣ್ಣತಮ್ಮಂದಿರು ದೊಡ್ಡ ಆಫೀಸಿನವರ ಹಾಗೆ ಕೈ ಕುಲುಕುವುದನ್ನು ನೋಡಿದ ಗಿರಾಕಿಗಳು ಏನು ವಿಶೇಷ ಎಂದು ಕೇಳುತ್ತಾರೆ. ಬೆಲ್ಟಣ್ಣ ಹಲ್ಲು ಕಚ್ಚಿ ಹಿಸುಕುತ್ತಾನೆ. ತಮ್ಮ ಸೂರು ನೋಡುತ್ತಾ ಆ ಕಿರುಬೆರಳು ತನ್ನ ಅಂಗೈಯಂಚಿನಲ್ಲಿ ಎಷ್ಟು ಒತ್ತಿತು ಎಂದು ಅಳೆಯುತ್ತಾನೆ. ಕೆಲವು ದಿನ ಒತ್ತು ಸಿಗುತ್ತದೆ, ಕೆಲವು ದಿನ ಇಲ್ಲ.

ಮೊನ್ನೆ ನಾನು ಹೋದಾಗಲೂ ಅದೇ ನಡೆಯುತ್ತಿತ್ತು. ತಮ್ಮ ಕೈ ಬಿಡಿಸಿಕೊಂಡು, ಇವತ್ತು ಕೆಳಮಹಡಿಯ ಕೆಲಸ ಮಾತ್ರ ಎಂದ. ಬೆಲ್ಟಣ್ಣ ಆಯಿತೆಂದು ತಲೆಯಾಡಿಸಿ, ಕೈಯನ್ನು ಬೆಳಕಿಗೆ ಹಿಡಿದು ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿಕೊಳ್ಳುತ್ತಾ ನಿಂತ.